ಬೆಂಚಿನ ನಡುವಿನ ಜಾಗ

ನಾನು ನೋಡದೇ ಇದ್ದ ಒಂದು ಘಟನೆ ನನಗೆ ಬಹಳ ಚೆನ್ನಾಗಿ ನೆನಪಿದೆ. ರಾಜಗೋಪಾಲನಗರದ ನಮ್ಮ ಚರ್ಚು, ಗಂಡಸರ ಕಡೆಯ ಮೂರನೆಯ ಬೆಂಚು, ಮೇಲೆ ಕಿರುಗುಟ್ಟುವ ಫ್ಯಾನು. ಅಪ್ಪ ಎರಡೂ ಕೈ ಜೋಡಿಸಿದ್ದಾನೆ. ಆ ಕೈಗಳನ್ನು ಮಾಮಾ ತನ್ನ ಅಂಗೈಗಳ ನಡುವೆ ಹಿಡಿದಿದ್ದಾನೆ. ಮಾಮಾನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸೇರಿಕೊಂಡಿರುವ ಗ್ರೀಸಿನ ಕಪ್ಪು ಗೆರೆ ಕೂಡ ಕಾಣಿಸುತ್ತದೆ. ಇಷ್ಟು ಸ್ಪಷ್ಟವಾಗಿ ನೆನಪಿರುವ ಸಂಗತಿಗಳು ನನ್ನ ಬದುಕಿನಲ್ಲಿ ಕಡಿಮೆ. ತೊಂದರೆ ಎಂದರೆ, ಆ ಹೊತ್ತಿಗೆ ನಾನು ಚರ್ಚಿನಲ್ಲಿ ಇರಲಿಲ್ಲ. ಯಶವಂತಪುರ ದಾಟಿ ನಿಂತುಬಿಟ್ಟ ಮೆಟ್ರೋ ರೈಲಿನಲ್ಲಿ ಕಂಬಿ ಹಿಡಿದು ನಿಂತಿದ್ದೆ.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಮನಃಶಾಸ್ತ್ರ. ಆ ಓದಿನಿಂದ ದೊಡ್ಡ ಕೆಲಸವೇನೂ ಸಿಗಲಿಲ್ಲ, ಸಿಕ್ಕಿದ ಕೆಲಸಗಳಲ್ಲಿ ನಾನು ಬಹಳ ದಿನ ನಿಲ್ಲಲೂ ಇಲ್ಲ. ದೊಡ್ಡನೆಕ್ಕುಂದಿಯಲ್ಲಿ ಒಂದು ರೂಮು, ಆಮೇಲೆ ವೈಟ್‌ಫೀಲ್ಡಿನ ಕಡೆ ಒಂದು, ಈಗ ಸಿಂಗಸಂದ್ರದಲ್ಲಿ ಒಂದು. ಓದಿನಿಂದ ಉಳಿದದ್ದು ಒಂದು ಅನುಮಾನದ ಚಟ. ನೆನಪನ್ನು ನಾವು ಪ್ರತಿಸಲವೂ ಹೊಸದಾಗಿ ಹೊಲಿದುಕೊಳ್ಳುತ್ತೇವೆ, ಮೂಲ ಬಟ್ಟೆ ಯಾವುದು ತೇಪೆ ಯಾವುದು ಎಂದು ನಮಗೇ ತಿಳಿಯದ ಹಾಗೆ. ಪಾಠದಲ್ಲಿ ಇದನ್ನು ಓದಿದಾಗ ನಾನು ಮೊದಲು ನೆನೆಸಿಕೊಂಡದ್ದು ಅಪ್ಪನನ್ನು ಮತ್ತು ಮಾಮಾನನ್ನು.

ಇಬ್ಬರೂ ಗದಗದ ಕಡೆಯವರು. ಮಾಮಾ ನಮಗೆ ರಕ್ತಸಂಬಂಧಿಯಲ್ಲ. ಬೆಟಗೇರಿಯ ಒಂದೇ ಓಣಿಯಲ್ಲಿ ಅವನೂ ಅಪ್ಪನೂ ಬೆಳೆದರು, ಒಂದೇ ಸಂಡೇ ಸ್ಕೂಲಿಗೆ ಹೋದರು, ಅಷ್ಟೇ. ಅಮ್ಮ ಅವನನ್ನು ಅಣ್ಣಾ ಎನ್ನುತ್ತಿದ್ದಳು, ಹಾಗಾಗಿ ನನಗೆ ಅವನು ಮಾಮಾ, ಅವನ ಹೆಂಡತಿ ಅತ್ತಿ. ಮೊದಲು ಪೀಣ್ಯಕ್ಕೆ ಬಂದವನು ಮಾಮಾ. ತಗಡಿನ ಹಾಳೆಗಳನ್ನು ಅಚ್ಚಿನ ಕೆಳಗಿಟ್ಟು ಒತ್ತಿ ಬಿಡಿಭಾಗ ತೆಗೆಯುವ ಒಂದು ಪ್ರೆಸ್ ಶಾಪಿನಲ್ಲಿ ಕೆಲಸ ಹಿಡಿದು, ಅಪ್ಪನನ್ನೂ ಕರೆಸಿಕೊಂಡು, ತನ್ನ ಮನೆಯ ಗೋಡೆಗೆ ಅಂಟಿದ ಬಾಡಿಗೆ ಮನೆಯನ್ನೇ ಕೊಡಿಸಿದ. ಸಾಲುಮನೆಗಳ ಮಾಲೀಕರು ಆ ಊರಿನ ಮೂಲ ಒಕ್ಕಲಿನವರು. ಎಲ್ಲರಿಗೂ ಅವರು ಗೌಡ್ರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮನೆ ಕಟ್ಟಿಸಿ, ಮಹಡಿಯ ಮೇಲೆ ತಾವಿದ್ದು, ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ಎಲ್ಲರ ಮನೆಯ ಸುದ್ದಿ ವಿಚಾರಿಸುತ್ತಿದ್ದರು.

ಚರ್ಚು ಎಂದರೆ ಆಗ ಶೀಟಿನ ಮಾಡು ಹೊದಿಸಿದ ಉದ್ದನೆಯ ಶೆಡ್ಡು. ಪಕ್ಕದಲ್ಲೊಂದು ಕಾರ್ಖಾನೆ ಭಾನುವಾರವೂ ನಡೆಯುತ್ತಿತ್ತು. ಪ್ರಾರ್ಥನೆಯ ಮೌನದಲ್ಲಿ ಅಲ್ಲಿನ ಗ್ರೈಂಡಿಂಗ್ ಸದ್ದು ಕೇಳಿಸುತ್ತಿತ್ತು, ಸುಟ್ಟ ಪೇಂಟಿನ ವಾಸನೆ ಬರುತ್ತಿತ್ತು. ಈಗ ಎಲ್ಲಾದರೂ ಆ ವಾಸನೆ ಮೂಗಿಗೆ ಬಡಿದರೆ ನನ್ನ ಬಾಯಲ್ಲಿ ತಾನಾಗಿ ಕೀರ್ತನೆಯ ರಾಗ ಬರುತ್ತದೆ. ನಂಬಿಕೆ ಹೋಯಿತು, ರಾಗ ಹೋಗಲಿಲ್ಲ.

ಮೂರನೆಯ ಬೆಂಚು ಮಾಡಿದ್ದು ಅಪ್ಪ ಮತ್ತು ಮಾಮಾ. ಶಾಪಿಗೆ ಯಾವುದೋ ದೇಶದಿಂದ ಮೆಷಿನು ಬಂದಾಗ ಅದರ ಪ್ಯಾಕಿಂಗಿನ ಹಲಗೆಗಳನ್ನು ಕೇಳಿ ಪಡೆದು, ಮೂರು ಭಾನುವಾರವೋ ನಾಲ್ಕೋ ಕೂತು ಬಡಿದರು. ಹಲಗೆಯ ಮೇಲೆ ಕೊಡೆಯ ಚಿತ್ರ, ಗಾಜಿನ ಲೋಟದ ಚಿತ್ರ, ಮೇಲ್ಮುಖವಾಗಿ ಇಡಿ ಎಂದು ತೋರಿಸುವ ಬಾಣ ಹಾಗೇ ಉಳಿದಿದ್ದವು. ಬೆಂಚು ಆದಮೇಲೆ ಬಾಣ ಅಡ್ಡ ಮಲಗಿ ಗೋಡೆಯ ಕಡೆ ತೋರಿಸುತ್ತಿತ್ತು. ಇಬ್ಬರೂ ಅದನ್ನು ಹೆಗಲ ಮೇಲೆ ಹೊತ್ತು ತಂದರು, ಅತ್ತಿ ಮತ್ತು ಅಮ್ಮ ಹಿಂದೆ ನಗುತ್ತಾ ಬಂದರು. ಈ ಮೆರವಣಿಗೆಯನ್ನು ನಾನು ಕಂಡದ್ದು ನಿಜ ಎಂದುಕೊಂಡಿದ್ದೇನೆ. ಅಮ್ಮ, "ನೀ ಅವತ್ತ ಜ್ವರ ಬಂದು ಮಲಗಿದ್ದಿ" ಎನ್ನುತ್ತಾಳೆ.

ಅಪಘಾತ ಆದದ್ದು ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ. ದೊಡ್ಡ ಪ್ರೆಸ್ಸಿನ ಮೇಲೆ ಇಬ್ಬರು ಸೇರಿ ಕೆಲಸ ಮಾಡುತ್ತಿದ್ದರು. ಅಪ್ಪ ಮುಂದೆ ನಿಂತು ತಗಡನ್ನು ಅಚ್ಚಿನಲ್ಲಿ ಕೂರಿಸುವವನು, ಮಾಮಾ ಬದಿಗೆ ನಿಂತು ಪೆಡಲ್ ತುಳಿಯುವವನು. ಆ ದಿನ ತಗಡು ಓರೆಯಾಗಿ ಸಿಕ್ಕಿಕೊಂಡಿತು. ಅಪ್ಪ ಅದನ್ನು ಸರಿಪಡಿಸಲು ಬಲಗೈ ಒಳಗೆ ಹಾಕಿದ. ಪ್ರೆಸ್ಸು ಇಳಿಯಿತು. ಬಲಗೈಯ ತೋರುಬೆರಳೂ ನಡುಬೆರಳೂ ಹೋದವು.

ಇಷ್ಟರವರೆಗೆ ಇಬ್ಬರ ಮಾತೂ ಒಂದೇ. ಇದಕ್ಕೂ ಒಂದು ಗಳಿಗೆ ಹಿಂದೆ ಏನಾಯಿತು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಎಡಗೈ ಎತ್ತಿ ನಿಲ್ಲಿಸು ಎಂದು ತೋರಿಸಿದೆ, ಅಂವ ನೋಡಿದ, ಆದರೂ ತುಳಿದ ಎಂದು ಅಪ್ಪ. ಕೈ ಎತ್ತಲೇ ಇಲ್ಲ, ಎತ್ತಿದ್ದರೆ ನನ್ನ ಕಾಲು ಹೆಂಗ ಒತ್ತತಿತ್ತು ಎಂದು ಮಾಮಾ. ಮ್ಯಾನೇಜರ ಕೋಣೆಯಲ್ಲಿ ಕೇಳಿದಾಗಲೂ ಮಾಮಾ ಅದನ್ನೇ ಹೇಳಿದ. ತಪ್ಪು ಅಪ್ಪನದೇ ಎಂದಾಯಿತು. ಗಾಯ ಮಾಗಿದ ಮೇಲೆ ಅಪ್ಪನನ್ನು ಪ್ರೆಸ್ಸಿನಿಂದ ತೆಗೆದು ಗೇಟಿಗೆ ಹಾಕಿದರು. ಬರುವ ಹೋಗುವ ಗಾಡಿಗಳಿಗೆ ಗೇಟು ತೆಗೆಯುವ ಕೆಲಸ.

"ಬಟ್ಟು ಹೋಗಿದ್ದಕ್ಕ ನನಗ ಸಿಟ್ಟಿಲ್ಲ," ಎಂದು ಅಪ್ಪ ಹೇಳುತ್ತಿದ್ದ. "ಮೆಷಿನ್ ಅಂದ ಮ್ಯಾಲ ಹೋಗ್ತಾವು. ಆದ್ರ ನನ್ನ ಎದುರಿಗೆ ನಿಂತು, ಕೈ ಎತ್ತಲಿಲ್ಲ ಅಂದ್ನಲ್ಲ. ಸುಳ್ಳ ಅಂದ್ನಲ್ಲ."

ಅಲ್ಲಿಗೆ ಮಾತು ನಿಂತಿತು. ಗೋಡೆಗೆ ಗೋಡೆ ಅಂಟಿದ ಮನೆಗಳು. ಒಬ್ಬರು ಸೀನಿದರೆ ಇನ್ನೊಬ್ಬರಿಗೆ ಕೇಳುತ್ತದೆ. ಅಮ್ಮ ಮತ್ತು ಅತ್ತಿ ಮಾತ್ರ ಈ ಜಗಳಕ್ಕೆ ಸೇರಲೇ ಇಲ್ಲ. ಶೇಂಗಾ ಹಿಂಡಿ ಅರೆದರೆ ಒಂದು ಬಟ್ಟಲು ಆಚೆ ಹೋಗುತ್ತಿತ್ತು, ರೊಟ್ಟಿ ಬಡಿದರೆ ನಾಲ್ಕು ಈಚೆ ಬರುತ್ತಿದ್ದವು. ಅಪ್ಪ ಆ ರೊಟ್ಟಿಯನ್ನು ತಿನ್ನುತ್ತಿದ್ದ. "ಇದು ಅಕಿ ಬಡದಿದ್ದು, ಅಂವ ಬಡದಿದ್ದಲ್ಲ" ಎನ್ನುತ್ತಿದ್ದ.

ಗೌಡ್ರಿಗೆ ಅರ್ಥವಾಗದೇ ಇದ್ದದ್ದು ಭಾನುವಾರದ ವಿಷಯ. ಒಂದು ಸಂಜೆ ಮೆಟ್ಟಿಲ ಮೇಲಿಂದ ಅಪ್ಪನನ್ನು ಕೇಳಿಯೇಬಿಟ್ಟರು.

"ಅದೇನಣ್ಣ ನಿಮ್ದು ವ್ಯವಾರ? ಚರ್ಚಲ್ಲಿ ಒಂದೇ ಬೆಂಚಲ್ಲಿ ಕೂತ್ಕಂತೀರಂತೆ, ಮಾತಾಡಾಕಿಲ್ವಂತೆ. ನಾನೂ ನನ್ ತಮ್ನೂ ಮಾತು ಬಿಟ್ಟಿದೀವಿ, ನಾನು ಅವನ ಬೀದಿಗೇ ಓಗಾಕಿಲ್ಲ. ಅಂಗೆ ಮಾಡುದ್ರೆ ಒಂದು ಲೆಕ್ಕ. ಇಂಗೆ ಪಕ್ಕದಾಗೇ ಕೂತು ಮೂತಿ ತಿರುಗ್ಸೋದು ಯಾವ ಸೀಮೆ ಜಗಳ?"

"ಬೆಂಚು ನಂದ್ರಿ, ಗೌಡ್ರ," ಎಂದ ಅಪ್ಪ.

"ಅವ್ರೂ ಅಂಗೇ ಅಂದ್ರು!"

ನಮ್ಮ ಆರಾಧನೆಯಲ್ಲಿ ಒಂದು ಪದ್ಧತಿ ಇದೆ. ಪ್ರತಿ ಭಾನುವಾರ ಪ್ರಸಂಗ ಮುಗಿದ ಮೇಲೆ ನಮ್ಮ ಪಾದ್ರಿ, ಅಯ್ಯನವರು, ಬಲಿಪೀಠದಿಂದ ಇಳಿದು ಬಂದು ಇಬ್ಬರು ಹಿರಿಯರಿಗೆ ಸಮಾಧಾನ ಕೊಡುತ್ತಾರೆ. ಪಡೆಯುವವನು ಕೈ ಜೋಡಿಸಬೇಕು, ಕೊಡುವವನು ಆ ಕೈಗಳನ್ನು ತನ್ನ ಅಂಗೈಗಳ ನಡುವೆ ಹಿಡಿಯಬೇಕು, ಸಮಾಧಾನ ಎನ್ನಬೇಕು. ಹಿರಿಯರು ಮೊದಲ ಬೆಂಚಿನ ತುದಿಯವನಿಗೆ, ಅವನು ಪಕ್ಕದವನಿಗೆ, ಗೋಡೆಬದಿಯವನು ಹಿಂದಿನ ಬೆಂಚಿಗೆ. ಕೈಯಿಂದ ಕೈಗೆ ದಾಟುತ್ತಾ ಅದು ಬಾಗಿಲವರೆಗೆ ಹೋಗಿ ಮುಟ್ಟಬೇಕು. ಯಾರೂ ತಪ್ಪಿಸಿಕೊಂಡು ಹೋಗುವ ಹಾಗಿಲ್ಲ, ಯಾರನ್ನೂ ಹಾರಿ ಮುಂದೆ ಹೋಗುವ ಹಾಗಿಲ್ಲ.

ಮಾಮಾ ನಡುದಾರಿಯ ಬದಿಯಲ್ಲಿ ಕೂರುತ್ತಿದ್ದ, ಅಪ್ಪ ಗೋಡೆಯ ಬದಿಯಲ್ಲಿ. ನಡುವೆ ಯಾರಾದರೂ ಇರುತ್ತಿದ್ದರು, ಹೇಗೋ ನಡೆಯುತ್ತಿತ್ತು. ಒಂದು ಭಾನುವಾರ, ಊರಿಗೆ ಹೋದವರು ಹೆಚ್ಚಾಗಿ ಬೆಂಚಿನ ಮೇಲೆ ಅವರಿಬ್ಬರೇ ಉಳಿದರು. ಸಮಾಧಾನ ಮಾಮಾನ ತನಕ ಬಂತು. ಮಾಮಾ ಅದನ್ನು ಹಿಡಿದುಕೊಂಡು ಎದುರಿನ ಗೋಡೆ ನೋಡಿದ. ಅಪ್ಪ ಫ್ಯಾನು ನೋಡಿದ. ಹೆಂಗಸರ ಕಡೆ ಅದು ಓಡೋಡಿ ಬಾಗಿಲು ಮುಟ್ಟಿತ್ತು. ಗಂಡಸರ ಕಡೆ ಹಿಂದಿನ ಬೆಂಚುಗಳವರೆಲ್ಲ ಕೈ ಜೋಡಿಸಿಕೊಂಡು ಕಾಯುತ್ತಾ ಕೂತರು, ಊಟದ ಪಂಕ್ತಿಯಲ್ಲಿ ಬಡಿಸುವವರು ಮರೆತುಹೋದ ಹಾಗೆ. ಯಾರೋ ಕೆಮ್ಮಿದರು. ಕೊನೆಗೆ ಹಿರಿಯರೊಬ್ಬರು ಸುತ್ತಿ ಬಂದು ನಾಲ್ಕನೆಯ ಬೆಂಚಿನಿಂದ ಮತ್ತೆ ಶುರುಮಾಡಿದರು. ಇದನ್ನು ನಾನು ಕಂಡದ್ದು ಹಿಂದಿನ ಬೆಂಚಿನಿಂದ, ಮತ್ತು ಇದು ತೇಪೆಯಲ್ಲ ಎಂದು ಸುಮಾರಾಗಿ ಖಾತ್ರಿ ಇದೆ. ನನಗೆ ನಗು ತಡೆಯಲಾಗಿರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ನಗಲಿಲ್ಲ. "ಮುಂದಿನ ಐತವಾರದಿಂದ ನೀ ನಡುವ ಕುಂದ್ರು" ಎಂದಳು.

"ನಾ ಯಾಕ? ನಾ ನಂಬೂದ ಇಲ್ಲ."

"ನಂಬು ಅಂದ್ನೇನು? ಕುಂದ್ರು ಅಂದೆ."

ಹಾಗೆ ನಾನು ನಡುವಿನವನಾದೆ. ಎಂ.ಎ. ಓದುವಾಗ, ಆಮೇಲೆ ಕೆಲಸ ಬದಲಿಸುತ್ತಾ ಊರಿನ ಇನ್ನೊಂದು ತುದಿಗೆ ಹೋದಾಗಲೂ, ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು, ಮೆಟ್ರೋ ಬಂದ ಮೇಲೆ ಮೆಟ್ರೋ ಹಿಡಿದು, ಪೀಣ್ಯಕ್ಕೆ ಬಂದು ಅವರಿಬ್ಬರ ನಡುವೆ ಕೂರುತ್ತಿದ್ದೆ. ಜೊತೆಯವರು ಭಾನುವಾರ ಮಧ್ಯಾಹ್ನದವರೆಗೂ ಮಲಗುತ್ತಿದ್ದರು. "ದೇವ್ರಿಲ್ಲ ಅಂತೀಯ, ವಾರ ವಾರ ಚರ್ಚಿಗೆ ಓಡ್ತೀಯ. ಯಾವ ಹುಡುಗಿ ಮಗಾ?" ಎಂದು ರೂಮಿನ ಗೆಳೆಯ ರೇಗಿಸುತ್ತಿದ್ದ. ಇಬ್ಬರು ಮುದುಕರು ಎಂದರೆ ಅವನು ನಂಬಲಿಲ್ಲ.

ಮಾಮಾನ ಅಂಗೈ ಒರಟು, ಬಿಸಿ. ನನ್ನ ಕೈ ಹಿಡಿದು ಸಮಾಧಾನ ಎನ್ನುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಭುಜದ ಆಚೆ ನೋಡುತ್ತಿದ್ದ. ಆಮೇಲೆ ನಾನು ಅಪ್ಪನ ಕಡೆ ತಿರುಗುತ್ತಿದ್ದೆ. ಅಪ್ಪ ಕೈ ಜೋಡಿಸಿದರೆ ಎಡಗೈಯ ಎರಡು ಬೆರಳುಗಳಿಗೆ ಜೊತೆ ಇರುತ್ತಿರಲಿಲ್ಲ, ಗಾಳಿಯಲ್ಲಿ ನಿಂತಿರುತ್ತಿದ್ದವು. ನನ್ನ ಅಂಗೈಗೆ ಆ ಖಾಲಿ ಜಾಗ ತಗಲುತ್ತಿತ್ತು. ಒಬ್ಬನಿಂದ ಬಂದದ್ದನ್ನು ಇನ್ನೊಬ್ಬನಿಗೆ ದಾಟಿಸುವುದಷ್ಟೇ ನನ್ನ ಕೆಲಸ. ಅಪ್ಪನಿಗೆ ಅದು ಯಾರಿಂದ ಬಂತೆಂದು ಗೊತ್ತು, ಮಾಮಾನಿಗೆ ಎಲ್ಲಿಗೆ ಹೋಯಿತೆಂದು ಗೊತ್ತು. ನಂಬಿಕೆಯಿಲ್ಲದ ನನ್ನ ಮೂಲಕ ಅದು ಹೋಗುತ್ತಿತ್ತು ಎಂಬುದರ ಬಗ್ಗೆ ಇಬ್ಬರಿಗೂ ತಕರಾರು ಇರಲಿಲ್ಲ.

ತಕರಾರು ಅಪ್ಪನಿಗೆ ತನ್ನ ಮೇಲೆಯೇ ಇತ್ತು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಬೆಂಚು ಬೆಂಚಾಗಿ ಎಲ್ಲರೂ ಎದ್ದು ಮುಂದೆ ಹೋಗಿ ಮಂಡಿಯೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಅಪಘಾತದ ನಂತರ ಅಪ್ಪ ಏಳಲಿಲ್ಲ. ಮನಸ್ಸಿನಲ್ಲಿ ಒಬ್ಬನ ಮೇಲೆ ಕಹಿ ಇಟ್ಟುಕೊಂಡು ಆ ಮೇಜಿಗೆ ಹೋಗಬಾರದು ಎಂದು ಅವನ ನಂಬಿಕೆ. ಕಹಿ ಇಲ್ಲ ಎಂದು ನಾಟಕವಾಡಲು ಅವನಿಗೆ ಬರುತ್ತಿರಲಿಲ್ಲ. ನಾವು ನಂಬದವರು ಕೂತಿರುವುದು ಬೇರೆ. ಅಪ್ಪ ಹಸಿದವನ ಹಾಗೆ ಕೂತಿರುತ್ತಿದ್ದ. ಎಲ್ಲರೂ ಒಟ್ಟಾಗಿ ಕರ್ತನ ಪ್ರಾರ್ಥನೆ ಹೇಳುವಾಗಲೂ, ತಪ್ಪು ಮಾಡಿದವರನ್ನು ಕ್ಷಮಿಸುವ ಮಾತಿನ ಸಾಲು ಬಂದರೆ ಅಪ್ಪನ ದನಿ ನಿಲ್ಲುತ್ತಿತ್ತು. ಮುಂದಿನ ಸಾಲಿಗೆ ಮತ್ತೆ ಬಂದು ಸೇರಿಕೊಳ್ಳುತ್ತಿತ್ತು. ಪಕ್ಕದಲ್ಲಿ ಕೂತವನಿಗೆ ಮಾತ್ರ ಕೇಳುವ ಮೌನ ಅದು. ನಾನು ಪ್ರತಿವಾರ ಅದಕ್ಕಾಗಿ ಕಿವಿಗೊಡುತ್ತಿದ್ದೆ.

ಹೊಸದಾಗಿ ಬಂದ ಎಳೆಯ ವಯಸ್ಸಿನ ಅಯ್ಯನವರು ಒಮ್ಮೆ ಮನೆಗೆ ಬಂದರು. ಚಹಾ ಕುಡಿದು, ಪ್ರಾರ್ಥನೆ ಮಾಡಿ, ಮೆಲ್ಲಗೆ ವಿಷಯಕ್ಕೆ ಇಳಿದರು.

"ಅಂಕಲ್, ನೀವು ದೊಡ್ಡೋರು. ಮನಸ್ಸು ಮಾಡಿ ಕ್ಷಮಿಸಿಬಿಡಿ."

"ಏನಂತ ಕ್ಷಮಸ್ಲಿ, ಅಯ್ಯನವರ?" ಅಪ್ಪ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ. "ನಾ ಮಾಡೇ ಇಲ್ಲ ಅಂತಾನ ಅಂವ. ಮಾಡದ ಇದ್ದಾಂವಗ ಹೋಗಿ, ನಿನ್ನ ಕ್ಷಮಸೇನಿ ಅಂದ್ರ, ಬೈದಂಗ ಆಗೂದಿಲ್ಲನ್ರಿ?"

ಅಯ್ಯನವರು ಖಾಲಿ ಕಪ್ಪನ್ನು ನೋಡಿದರು. ಗೋಡೆಯ ಆಚೆ ಮಾಮಾ ಇದ್ದನೋ ಇಲ್ಲವೋ ಗೊತ್ತಿಲ್ಲ. ಇದ್ದಿದ್ದರೆ ಕೇಳಿಸಿರಲೇಬೇಕು.

ಅವರು ಹೋದ ಮೇಲೆ ನಾನು ನನ್ನ ಓದಿನ ಗಂಟು ಬಿಚ್ಚಿದೆ. ಇಬ್ಬರೂ ಸುಳ್ಳು ಹೇಳದೇ ಇರಬಹುದು, ಮನುಷ್ಯನ ನೆನಪು ಹೀಗೆ ಹೀಗೆ ಕೆಲಸ ಮಾಡುತ್ತದೆ, ಆಘಾತದ ಗಳಿಗೆಯಲ್ಲಿ ಇನ್ನೂ ಹೆಚ್ಚು ಎಂದು ವಿವರಿಸಿದೆ. ಅಪ್ಪ ಕೊನೆಯವರೆಗೂ ಕೇಳಿದ. ಆಮೇಲೆ ಬಲಗೈ ಎತ್ತಿ ತೋರಿಸಿದ.

"ಅಂದ್ರ ಇದನ್ನ ಯಾರೂ ಕತ್ತರಿಸಿಲ್ಲ ಅಂತೀಯಾ?"

"ಹಂಗಲ್ಲಪಾ."

"ನಾ ಕೈ ಎತ್ತಿದ್ದೆ. ಎತ್ತಿದ ಕೈ ಇದು, ಎಡಗೈ, ನೋಡು, ಪೂರಾ ಐತಿ."

ನಾನು ಕಂಡ ಹಾಗೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ: ನಡೆದದ್ದು ಏನೆಂದು ಇನ್ನೊಬ್ಬ ಒಪ್ಪಿಕೊಳ್ಳಬೇಕು. ಅದು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾದರೆ ಕ್ಷಮೆಯೂ ಆಗುವುದಿಲ್ಲ ಎಂದುಕೊಂಡಿದ್ದೆ. ಮೊದಲು ಸತ್ಯ, ಆಮೇಲೆ ಕ್ಷಮೆ. ನನ್ನಂಥ ಓದಿದವನಿಗೆ ಬೇರೆ ಕ್ರಮ ಹೊಳೆಯಲಿಲ್ಲ.

ಆಮೇಲೆ ಮಾಮಾ ನಿವೃತ್ತನಾದ. ಅತ್ತಿಯ ತಾಯಿಗೆ ನೋಡಿಕೊಳ್ಳುವವರು ಬೇಕಾಗಿತ್ತು, ಹಾಗಾಗಿ ಗಂಡಹೆಂಡತಿ ಬೆಟಗೇರಿಗೇ ಹೋಗುವುದೆಂದು ಗೊತ್ತಾಯಿತು. ಅವರ ಕೊನೆಯ ಭಾನುವಾರ ತಿಂಗಳ ಮೊದಲನೆಯದು. ಪ್ರಭುಭೋಜನದ ದಿನ.

ಸುದ್ದಿ ತಿಳಿದ ಮೇಲೆ ಅಪ್ಪ ಮನೆಯಲ್ಲಿ ಸುಮ್ಮಸುಮ್ಮನೆ ವಸ್ತುಗಳನ್ನು ಆಚೆಯಿಂದ ಈಚೆಗೆ ಇಡತೊಡಗಿದ. ಅಮ್ಮ ಕೇಳಿದ್ದಕ್ಕೆ, "ಅಂವ ಹ್ವಾದ ಮ್ಯಾಲ ಯಾರ ಜೋಡಿ ಸರಿ ಮಾಡ್ಕೊಳ್ಳಿ? ಸಾಯೂತನ ಬೆಂಚಿನ್ಯಾಗ ಕುಂದ್ರೂದ ಆತು ನನ್ನ ಹಣೇಬಾರ" ಎಂದನಂತೆ. ಅಮ್ಮ ಇದನ್ನು ನನಗೆ ಫೋನಿನಲ್ಲಿ ಹೇಳಿ ಮುಂದುವರಿಸಿದಳು. "ಹೋಗಿ ಮಾತಾಡ್ರಿ ಅಂದ್ರ ಗ್ವಾಡಿ ನೋಡ್ತಾರ. ಆ ಗ್ವಾಡಿ ಆಚೆ ಅಣ್ಣಾನೂ ಹಿಂಗ ಕುಂತಾನಂತ. ನಿಮ್ಮತ್ತಿ ಹೇಳಿದ್ಲು."

ಅದರ ಹಿಂದಿನ ವಾರ ಆರಾಧನೆ ಮುಗಿದು ಎಲ್ಲರೂ ಚಹಾಕ್ಕೆ ನಿಂತಿದ್ದಾಗ ಮಾಮಾ ನನ್ನನ್ನು ಬದಿಗೆ ಕರೆದ.

"ಮುಂದಿನ ಐತವಾರ ಬರ್ತಿಯಲ್ಲೋ ತಮ್ಮಾ?"

"ಬರ್ತೀನಿ ಮಾಮಾ."

"ತಪ್ಪಸಬ್ಯಾಡ. ನೀ ಇಲ್ಲಂದ್ರ..." ಎಂದು ನಿಲ್ಲಿಸಿ, ಗ್ಲಾಸಿನ ಚಹಾ ಒಂದೇ ಗುಟುಕಿಗೆ ಕುಡಿದ.

ರಾತ್ರಿ ಫೋನಿನಲ್ಲಿ ಅಪ್ಪನೂ ಅದನ್ನೇ ಕೇಳಿದ, ಸುಮಾರು ಅದೇ ಮಾತಿನಲ್ಲಿ. ಇಬ್ಬರಿಗೂ ನಾನು ನಡುವೆ ಬೇಕಾಗಿತ್ತು. ಇಷ್ಟು ವರ್ಷ ನಡೆದ ಹಾಗೆ ಕೊನೆಯ ಸಲವೂ ನಡೆದುಹೋಗಲಿ ಎಂದು ಇಬ್ಬರೂ ಬಯಸಿದ್ದರು, ಅಥವಾ ಬೇರೆ ಏನಾದರೂ ಆಗಿಬಿಡಬಹುದು ಎಂದು ಹೆದರಿದ್ದರು.

ಆ ದಿನ ನಾನು ಬೇಗ ಎದ್ದೆ, ಬೇಗ ಹೊರಟೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿದೆ. ಯಶವಂತಪುರ ದಾಟಿದ ಮೇಲೆ ರೈಲು ನಿಂತಿತು. ತಾಂತ್ರಿಕ ಕಾರಣ ಎಂದು ಎರಡು ಭಾಷೆಗಳಲ್ಲಿ ಹೇಳುತ್ತಲೇ ಇದ್ದರು. ಕಿಟಕಿಯಿಂದ ಕೆಳಗೆ ತುಮಕೂರು ರಸ್ತೆ, ಲಾರಿಗಳ ಸಾಲು, ದೂರದಲ್ಲಿ ಕಾರ್ಖಾನೆಗಳ ಶೀಟಿನ ಮಾಡುಗಳು. ಈಗ ಮೊದಲ ಕೀರ್ತನೆ, ಈಗ ಪಾಠ, ಈಗ ಪ್ರಸಂಗ ಎಂದು ಲೆಕ್ಕ ಹಾಕುತ್ತಾ ನಿಂತೆ. ಸಮಾಧಾನದ ಹೊತ್ತಿಗೆ ನನಗೆ ಅಂಗೈ ಬೆವತಿತ್ತು. ಅಪ್ಪನಿಗೆ ಫೋನು ಮಾಡುವ ಹಾಗಿಲ್ಲ, ಚರ್ಚಿಗೆ ಹೋಗುವಾಗ ಅವನು ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಪಕ್ಕದಲ್ಲಿದ್ದ ಒಬ್ಬರು, "ಏನ್ ಸಾರ್, ಇಂಟರ್‌ವ್ಯೂನಾ?" ಎಂದು ಕೇಳಿದರು. ಹೌದು ಎಂದೆ.

ನಾನು ಚರ್ಚು ಮುಟ್ಟಿದಾಗ ಜನ ಹೊರಗೆ ಬಂದು ಗುಂಪುಗುಂಪಾಗಿ ನಿಂತಿದ್ದರು. ಅಮ್ಮ ಮೆಟ್ಟಿಲ ಹತ್ತಿರ ಅತ್ತಿಯ ತೋಳು ಹಿಡಿದು ಅಳುತ್ತಿದ್ದಳು, ಅತ್ತಿ ಅಳುತ್ತಾ ನಗುತ್ತಿದ್ದಳು. ಅಪ್ಪ ಎಲ್ಲಿ ಎಂದರೆ ಒಳಗೆ ಕೈ ತೋರಿಸಿದರು. ಒಳಗೆ ಮೂರನೆಯ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು, ನಡುವೆ ಜಾಗ ಬಿಡದೆ. ಅಪ್ಪನ ಮೀಸೆಯ ತುದಿಯಲ್ಲಿ ದ್ರಾಕ್ಷಾರಸದ ಒಂದು ಹನಿ ಒಣಗಿತ್ತು. ಅದನ್ನು ನಾನು ನೋಡಿದೆ. ಅದು ನಾನೇ ನೋಡಿದ್ದು.

ನಡೆದದ್ದೇನು ಎಂದು ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ನನ್ನ ಜಾಗವನ್ನು ಅವರು ಖಾಲಿ ಇಟ್ಟಿದ್ದರು. ತಡವಾಗಿ ಬಂದ ಯಾರೋ ಅಲ್ಲಿ ಕೂರಲು ಹೋದರೆ, ಇಬ್ಬರೂ ಒಟ್ಟಿಗೇ, "ಬರಾಂವ ಅದಾನ್ರಿ" ಎಂದರಂತೆ. ಎಷ್ಟೋ ವರ್ಷಗಳಲ್ಲಿ ಅವರಿಬ್ಬರು ಒಟ್ಟಿಗೆ ಆಡಿದ ಮೊದಲ ಮಾತು ಅದು. ಸಮಾಧಾನ ಬಂತು, ಮಾಮಾನ ಕೈಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಒಬ್ಬೊಬ್ಬರದು ಒಂದೊಂದು ಕಥೆ.

ಅಪ್ಪ ಹೇಳಿದ್ದು: "ಅಂವ ಸರದು ಬಂದ. ನಾ ಸುಮ್ನ ಕುಂತಿದ್ದೆ. ಮೊದಲ ಬಂದಾಂವ ಅಂವ. ದೊಡ್ಡ ಮನಸು ಅಂವಂದು."

ಮಾಮಾ ಹೇಳಿದ್ದು: "ನಾ ಎಲ್ಲಿ ಸರದೆ? ನನ್ನ ಕಾಲ ಎದ್ದಿಲ್ಲ. ನಿಮ್ಮಪ್ಪನ ಬಂದ. ಬಂದು ಕೈ ಜೋಡಿಸಿದ. ಆ ಬಟ್ಟು ಇಲ್ಲದ ಕೈ ನಾ ಅವತ್ತ ಮೊದಲ ಮುಟ್ಟಿದ್ದು, ತಮ್ಮಾ."

ಹೆಂಗಸರ ಕಡೆಯಿಂದ ಅಮ್ಮನಿಗೆ ಕಂಡದ್ದು ಬೆನ್ನುಗಳು. "ಬೆಂಚು ಕಿರ್ ಅಂತು. ನೋಡೂದ್ರಾಗ ನಡುವಿನ ಜಾಗ ಇರಲಿಲ್ಲ. ಯಾರು ಸರದ್ರು ಅಂತ ದೇವರಿಗೇ ಗೊತ್ತು. ಯಾಕ ಬೇಕು ನಿನಗ?"

ಯಾಕೆ ಬೇಕು ಎಂದರೆ, ನನಗೆ ತಿಳಿಯಬೇಕಾಗಿತ್ತು. ಮ್ಯಾನೇಜರ ಕೋಣೆಯಲ್ಲಿ ತಪ್ಪನ್ನು ಒಬ್ಬನ ಕಡೆಗೊಬ್ಬ ತಳ್ಳಿದ ಅದೇ ಇಬ್ಬರು ಈಗ ಅಷ್ಟೇ ಹಟದಿಂದ ಒಳ್ಳೆಯದನ್ನು ಒಬ್ಬನ ಕಡೆಗೊಬ್ಬ ತಳ್ಳುತ್ತಿದ್ದರು. ಇಬ್ಬರೂ ಸುಳ್ಳು ಹೇಳುವವರಲ್ಲ. ಮತ್ತು ನನ್ನ ತಲೆಯಲ್ಲಿ, ಯಾವಾಗ ಬಂದು ಸೇರಿತೋ, ಆ ಚಿತ್ರ: ಜೋಡಿಸಿದ ಕೈಗಳು, ಅಂಗೈಗಳು, ಉಗುರಿನ ಕಪ್ಪು ಗೆರೆ. ಬಹಳ ದಿನದ ಮೇಲೆ ನಾನು ಗಮನಿಸಿದೆ, ಆ ಚಿತ್ರವನ್ನು ನಾನು ದೂರದಿಂದ ನೋಡುತ್ತಿಲ್ಲ. ಕೈಗಳು ನನ್ನ ಎದೆಯ ಮುಂದೆಯೇ ಇವೆ. ಎಡಕ್ಕೆ ಮಾಮಾ, ಬಲಕ್ಕೆ ಅಪ್ಪ. ನಾನು ಇಲ್ಲದೇ ಇದ್ದ ಆ ನಡುವಿನ ಜಾಗದಲ್ಲೇ ಕೂತು ನೋಡುತ್ತಿದ್ದೇನೆ.

ಅಪಘಾತದ ವಿಷಯವೇನೂ ಇತ್ಯರ್ಥವಾಗಲಿಲ್ಲ. ಆ ದಿನ ಅವರು ಅದನ್ನು ಎತ್ತಲೇ ಇಲ್ಲ. ನಾನು ಇಟ್ಟುಕೊಂಡಿದ್ದ ಕ್ರಮವನ್ನು ಯಾರೂ ಪಾಲಿಸಲಿಲ್ಲ. ಅಪ್ಪ ಎದ್ದು ಮಾಮಾನ ಹಿಂದೆಯೇ ಮುಂದೆ ಹೋಗಿ ಮಂಡಿಯೂರಿದನಂತೆ, ಅಷ್ಟೇ. ಮರುದಿನ ಸಾಮಾನಿನ ಲಾರಿಗೆ ಹಗ್ಗ ಬಿಗಿಯುವಾಗ ಅಪ್ಪ ಒಂದು ತುದಿ ಹಿಡಿದಿದ್ದ. ಗೌಡ್ರು ಮೆಟ್ಟಿಲಿಂದ ಇಳಿದು ಬಂದು ನೋಡಿದರು. "ಅಂತೂ ಆಯ್ತಾ? ಬೆಂಚು ಯಾರ್ದು ಅಂತಾಯ್ತು?" ಎಂದರು. ಮಾಮಾ ಹಗ್ಗ ಜಗ್ಗುತ್ತಾ, "ಅಂವಂದ ರೀ, ಇಟ್ಕೊಳ್ಳಿ" ಎಂದ.

ಈಗ ಚರ್ಚಿಗೆ ಕಾಂಕ್ರೀಟಿನ ಮಾಡು ಬಂದಿದೆ, ಒಳಗೆ ಸ್ಟೀಲಿನ ಕುರ್ಚಿಗಳು. ಹಳೆಯ ಬೆಂಚು ಹೊರಗಿನ ಜಗಲಿಯಲ್ಲಿದೆ. ನಾನು ಹೋಗಬೇಕಾದ ಕಾರಣ ಮುಗಿದಿದೆ, ಆದರೂ ಹೋಗುತ್ತೇನೆ. ಕರ್ತನ ಪ್ರಾರ್ಥನೆಯಲ್ಲಿ ಆ ಸಾಲು ಬಂದಾಗ ಅಪ್ಪನ ದನಿ ಈಗ ನಿಲ್ಲುವುದಿಲ್ಲ, ಸ್ವಲ್ಪ ತಗ್ಗುತ್ತದೆ. ತಗ್ಗುತ್ತದೆಯೋ, ಹಳೆಯ ಅಭ್ಯಾಸದಿಂದ ನನಗೆ ಹಾಗೆ ಕೇಳುತ್ತದೆಯೋ.

ಆರಾಧನೆ ಮುಗಿದ ಮೇಲೆ ಅಪ್ಪ ಮತ್ತು ನಾನು ಚಹಾ ಹಿಡಿದು ಆ ಬೆಂಚಿನ ಮೇಲೆ ಕೂರುತ್ತೇವೆ. ಮಾಮಾ ಬೆಟಗೇರಿಯಿಂದ ನನಗೆ ಫೋನು ಮಾಡುತ್ತಾನೆ. ನಾನು ಸ್ಪೀಕರ್ ಹಾಕಿ ಫೋನನ್ನು ನಡುವೆ ಇಡುತ್ತೇನೆ. ಮಳೆ, ಜೋಳದ ರೇಟು, ಅತ್ತಿಯ ಮೊಣಕಾಲು. ಆಮೇಲೆ ಯಾವಾಗಲೂ ಅದು ಬರುತ್ತದೆ.

"ಏನ ಅನ್ನು, ನೀ ಅವತ್ತ ಪ್ರೆಸ್ಸಿನ ಮುಂದ ಕೈ ಎತ್ತಿದ್ದಿಲ್ಲ ಬಿಡೋ."

"ಎತ್ತಿದ್ದೆ ಲೇ. ಕಣ್ಣ ಇದ್ದಾಂವಗ ಕಾಣತಿತ್ತು."

"ಕಣ್ಣ ನಿನ್ನ ಕೈ ಮ್ಯಾಲ ಇತ್ತೋ."

"ಕಾಲ ಎಲ್ಲಿ ಇತ್ತು?"

ಮೊದಲ ಸಲ ಇದನ್ನು ಕೇಳಿದಾಗ ಫೋನು ಕಟ್ ಮಾಡಲು ಕೈ ಚಾಚಿದ್ದೆ. ಈಗ ಇಬ್ಬರೂ ನಗುತ್ತಾರೆ. ಬಿಟ್ಟು ಕೊಡುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ.

ಹೋದ ಭಾನುವಾರ ಮಾತು ಮತ್ತೆ ಆ ಕೊನೆಯ ಭಾನುವಾರಕ್ಕೆ ತಿರುಗಿತು. ಮೊದಲು ಸರಿದವನು ನೀನು ಎಂದು ಅಪ್ಪ, ನೀನು ಎಂದು ಮಾಮಾ. ಕೊನೆಗೆ ಅಪ್ಪ ನನ್ನ ಕಡೆ ತಿರುಗಿದ.

"ಇವನ್ನ ಕೇಳೋಣು ತಡಿ. ಇಂವ ನಡುವ ಇದ್ದನಲ್ಲ. ಹೇಳಲೇ, ಯಾರು ಸರದ್ರು?"

ನಾನು ಅಪ್ಪನ ಮುಖ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ನೆನಪಿನಲ್ಲಿ ನಾನು ಅಲ್ಲಿದ್ದೇನೆ.

"ಹೌದಲ್ಲ," ಎಂದಿತು ಬೆಟಗೇರಿಯ ದನಿ. "ನೀ ಇದ್ದಿಯಲ್ಲೋ ತಮ್ಮಾ. ನೀನ ಸಾಕ್ಷಿ. ಹೇಳು."

ನನ್ನ ಬಳಿ ಮೆಟ್ರೋದ ಕಥೆ ಇತ್ತು, ಬೆವತ ಅಂಗೈ ಇತ್ತು, ಅಮ್ಮನ ಸಾಕ್ಷ್ಯ ಇತ್ತು. ಬೆಂಚಿನ ಮೇಲೆ ಅಡ್ಡ ಮಲಗಿದ ಬಾಣದ ಮೇಲೆ ಕೈಯಾಡಿಸಿದೆ, ಬಣ್ಣ ಅರ್ಧ ಅಳಿಸಿದೆ. ಇಬ್ಬರೂ ಕಾಯುತ್ತಿದ್ದರು.

"ಇಬ್ರೂ ಒಮ್ಮೆಲೆ ಸರದ್ರಿ," ಎಂದೆ. "ನಾ ನೋಡಿದ್ದೆ."